‘ದಿ ಸಫಾಯರ್ಸ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಹಾಕಿ ಗ್ರಂಥಾಲಯದ ಹಾಲ್‌ನಲ್ಲಿ ತೋರಿಸಬೇಕು, ಏನೆಲ್ಲ ನೋಡ್ಕೊಳ್ಬೇಕು?

ಪಯಸ್ವಿನಿ_ತೀರ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಗ್ರಂಥಾಲಯದ ಹಾಲ್‌ನಲ್ಲಿ ಡಿಸೆಂಬರ್ ತಿಂಗಳಿಗೆ ‘ದಿ ಸಫಾಯರ್ಸ್’ ತೋರಿಸುವುದೆಂದು ತೀರ್ಮಾನ ಆಗಿದೆ. 2012ರ ಆಸ್ಟ್ರೇಲಿಯಾ ಚಿತ್ರ, ವಿಯೆಟ್ನಾಂ ಯುದ್ಧದ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಹಾಡಲಿಕ್ಕೆ ಹೋದ ಮೂಲನಿವಾಸಿ ಹುಡುಗಿಯರ ಕಥೆ. ಹಾಡು, ನಗು, ಕಣ್ಣೀರು ಎಲ್ಲ ಉಂಟು. ಹಾಲ್ 40 ಅಡಿ ಉದ್ದ, 22 ಅಡಿ ಅಗಲ. ಶೀಟಿನ ಮಾಡು, ಸಿಮೆಂಟಿನ ಸಪಾಟು ನೆಲ, 90 ಕುರ್ಚಿ ಹಿಡೀತದೆ. ಬರುವವರು ಹೆಚ್ಚಿನವರು ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಹೈಸ್ಕೂಲ್ ಮಕ್ಕಳು, ನಿವೃತ್ತ ಮಾಷ್ಟ್ರುಗಳು. ಇಂಗ್ಲಿಷ್ ಕೇಳಿ ಅರ್ಥ ಮಾಡ್ಕೊಳ್ಳುವವರು ಕಡಿಮೆ, ಆಸ್ಟ್ರೇಲಿಯಾದ ಉಚ್ಚಾರವಂತೂ ಯಾರಿಗೂ ಹಿಡಿಯುವುದಿಲ್ಲ. ಹಾಗಾಗಿ ಕನ್ನಡ ಸಬ್‌ಟೈಟಲ್ ನಾವೇ ಮಾಡ್ಬೇಕು.

ಗೊತ್ತಿದ್ದವರು ಹೇಳಿ: ಕಥೆಯಲ್ಲಿ ನಿಜ ಎಷ್ಟು, ಕರಪತ್ರದಲ್ಲಿ ಎಂತ ಬರೀಬಹುದು? ಹಾಡುಗಳಿಗೂ ಸಬ್‌ಟೈಟಲ್ ಬೇಕಾ? ಮೈಕ್ ಸೆಟ್ಟಿನವರ ಸಾಮಾನು ಸಾಕಾಗ್ತದಾ? ಅನುಮತಿ ಅಂತ ಏನಾದರೂ ಉಂಟಾ?

ಕುಂಬಳೆ ಸೀಮೆ

ಕಥೆಯ ವಿಷಯ ನಾನು ಹೇಳ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

‘ನಿಜ ಘಟನೆ ಆಧರಿಸಿದ ಚಿತ್ರ’ ಅಂತ ಧಾರಾಳ ಹಾಕಬಹುದು. ಆದರೆ ಚಿತ್ರದಲ್ಲಿ ಕಂಡದ್ದೆಲ್ಲ ನಡೆದದ್ದೇ ಎನ್ನುವ ಹಾಗೆ ಬರೀಬೇಡಿ. ಚಿತ್ರದಲ್ಲಿ 1968ರಲ್ಲಿ ಮರ್ರೇ ನದಿ ದಂಡೆಯ ಕಮರಗುಂಜ ಎಂಬ ಮೂಲನಿವಾಸಿ ವಸತಿಯಿಂದ ಗೇಲ್, ಸಿಂಥಿಯಾ, ಜೂಲಿ ಎಂಬ ಅಕ್ಕತಂಗಿಯರು ಮತ್ತು ಅವರ ಕಸಿನ್ ಕೇ, ಹೀಗೆ ನಾಲ್ಕು ಜನ ವಿಯೆಟ್ನಾಂಗೆ ಹೋಗ್ತಾರೆ. ನಿಜವಾದ ಸಫಾಯರ್ಸ್ ಮೂರು ಜನರ ತಂಡ: ನವೋಮಿ ಮೇಯರ್ಸ್, ಬೆವರ್ಲಿ ಬ್ರಿಗ್ಸ್, ಲಾರೆಲ್ ರಾಬಿನ್ಸನ್. ಮೆಲ್ಬೋರ್ನ್‌ನಲ್ಲಿ ಹಾಡ್ತಾ ಇದ್ದವರು. ವಿಯೆಟ್ನಾಂಗೆ ಕರೆ ಬಂದಾಗ ನವೋಮಿ ಮತ್ತು ಬೆವರ್ಲಿ ಯುದ್ಧಕ್ಕೇ ವಿರೋಧ ಎಂದು ಹೋಗಲಿಲ್ಲ. ಲಾರೆಲ್ ತನ್ನ ಸೋದರಿ ಲೋಯಿಸ್ ಪೀಲರ್ ಅವರನ್ನು ಜೊತೆಗೆ ಕರ್ಕೊಂಡು ಹೋದರು. ಅಂದರೆ ಹೋದದ್ದು ಇಬ್ಬರೇ. ಲಾರೆಲ್ ಅವರ ಮಗ ಟೋನಿ ಬ್ರಿಗ್ಸ್ ಇದನ್ನು 2004ರಲ್ಲಿ ನಾಟಕ ಮಾಡಿದರು. ಆಮೇಲೆ ಕೀತ್ ಥಾಂಪ್ಸನ್ ಜೊತೆ ಕೂತು ಚಿತ್ರಕಥೆ ಬರೆದರು, ನಿರ್ದೇಶನ ವೇಯ್ನ್ ಬ್ಲೇರ್. ಕ್ರಿಸ್ ಓ’ಡೌಡ್ ಮಾಡಿದ ಕುಡುಕ ಮ್ಯಾನೇಜರ್ ಡೇವ್ ಕಥೆಗಾಗಿ ಕಟ್ಟಿದ ಪಾತ್ರ.

ಯುದ್ಧ ಬೇಡ ಎಂದು ಉಳಿದ ಆ ಇಬ್ಬರ ನಿಲುವು ಚಿತ್ರದಲ್ಲಿ ಇಲ್ಲ. ನನ್ನ ಲೆಕ್ಕದಲ್ಲಿ ಚಿತ್ರ ಬಿಟ್ಟುಬಿಟ್ಟದ್ದರಲ್ಲಿ ದೊಡ್ಡದು ಅದೇ. ಮಹಿಳಾ ಕಾರ್ಯಕ್ರಮ ಅಂತಾದರೆ ಕರಪತ್ರದಲ್ಲಿ ಎರಡು ಸಾಲು ಅದಕ್ಕೆ ಕೊಡಿ. ನವೋಮಿ ಮೇಯರ್ಸ್ ಆಮೇಲೆ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳ ವೈದ್ಯಕೀಯ ಸೇವೆಯನ್ನು ದಶಕಗಳ ಕಾಲ ನಡೆಸಿದವರು ಅಂತಲೂ ಸೇರಿಸಿ.

ಹಿನ್ನೆಲೆಯಾಗಿ ಎರಡು ದಿನಾಂಕ ಸಾಕು. ಒಂದು, 1939ರ ಫೆಬ್ರವರಿ 4: ಆಡಳಿತದ ಕಾಟ ತಡೆಯಲಾರದೆ ಕಮರಗುಂಜದ ಸುಮಾರು 200 ಜನ ಊರು ಬಿಟ್ಟು ನದಿ ದಾಟಿ ಪಕ್ಕದ ವಿಕ್ಟೋರಿಯಾ ರಾಜ್ಯಕ್ಕೆ ಹೋದರು. ಇನ್ನೊಂದು, 1967ರ ಮೇ 27ರ ಜನಮತಗಣನೆ: ಮೂಲನಿವಾಸಿಗಳನ್ನು ಜನಸಂಖ್ಯೆಯ ಲೆಕ್ಕಕ್ಕೆ ಸೇರಿಸಬಾರದು ಎಂಬ ಸಂವಿಧಾನದ 127ನೇ ಕಲಂ ಅವತ್ತು ಬಿದ್ದುಹೋಯಿತು, ಪರವಾಗಿ ಬಿದ್ದ ಮತ 90.77 ಶೇಕಡಾ. ಇಲ್ಲಿ ಎರಡು ತಪ್ಪು ಪದೇಪದೇ ಕಾಣ್ತದೆ. ಅವರಿಗೆ ಮತದಾನದ ಹಕ್ಕು 1967ರಲ್ಲಿ ಸಿಕ್ಕಿದ್ದು ಅಂತ ಬರೀತಾರೆ. ಕೇಂದ್ರದ ಚುನಾವಣೆಗೆ ಆ ಹಕ್ಕು 1962ರಲ್ಲೇ ಬಂದಿತ್ತು. ಅದಕ್ಕೂ ಮೊದಲು ಅವರನ್ನು ‘ಸಸ್ಯ-ಪ್ರಾಣಿ ಕಾಯ್ದೆ’ಯ ಕೆಳಗೆ ಇಟ್ಟಿದ್ದರು ಎನ್ನುವ ಮಾತೂ ಇಂಟರ್‌ನೆಟ್ ತುಂಬ ಉಂಟು. ಅಂಥ ಕಾಯ್ದೆ ಇರಲೇ ಇಲ್ಲ. ಇದ್ದ ಅನ್ಯಾಯವೇ ಬೇಕಷ್ಟಿರುವಾಗ ಇಲ್ಲದ್ದನ್ನು ಸೇರಿಸುವುದು ಬೇಡ.

ಕೇ ಪಾತ್ರವನ್ನು ನೋಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ಬಣ್ಣ ತುಸು ಬಿಳಿ ಇದ್ದ ಮಕ್ಕಳನ್ನು ಸರಕಾರವೇ ಮನೆಯಿಂದ ಎತ್ತಿಕೊಂಡು ಹೋಗಿ ಬಿಳಿಯರ ಹಾಗೆ ಬೆಳೆಸ್ತಿತ್ತು. ಇದು ತಿಳಿಯದವರಿಗೆ ಗೇಲ್ ಮತ್ತು ಕೇ ನಡುವಿನ ಜಗಳ ಬರೀ ಹೆಂಗಸರ ಜಗಳದ ಹಾಗೆ ಕಾಣ್ತದೆ. ಹಾಗಾಗಿ ಚಿತ್ರ ಶುರುವಾಗುವ ಮೊದಲೇ ಹೇಳಿಬಿಡಿ.

ಪ್ರಶಸ್ತಿಯ ಸಾಲು ಬೇಕಾದರೆ: 2012ರ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಸ್ಪರ್ಧೆಯ ಹೊರಗೆ ಮಧ್ಯರಾತ್ರಿ ಪ್ರದರ್ಶನ. 2013ರ ಜನವರಿಯಲ್ಲಿ ಆಸ್ಟ್ರೇಲಿಯಾದ ಆಕ್ಟಾ ಪ್ರಶಸ್ತಿಗಳಲ್ಲಿ 11, ಅದರಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ ಡೆಬೊರಾ ಮೇಲ್‌ಮನ್, ಪೋಷಕ ನಟಿ ಜೆಸಿಕಾ ಮೌಬಾಯ್ ಸೇರಿದ್ದಾರೆ. ಕಾನ್‌ನಲ್ಲಿ ‘ಪ್ರಶಸ್ತಿ ಗೆದ್ದ’ ಅಂತ ಹಾಕಬೇಡಿ, ಅಲ್ಲಿ ತೋರಿಸಿದ್ದು ಮಾತ್ರ.

ಒತ್ತಕ್ಷರ

ಸಬ್‌ಟೈಟಲ್ ವಿಷಯ. ಸ್ವಲ್ಪ ಉದ್ದ ಆಗ್ತದೆ, ಕ್ಷಮೆ ಇರಲಿ.

ಶೂನ್ಯದಿಂದ ಶುರು ಮಾಡಬೇಡಿ. ಡಿಸ್ಕ್‌ನಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಅದರ ಸಮಯವನ್ನೇ ಬಳಸಿಕೊಳ್ಳಿ. ಡಿವಿಡಿಯ ಸಬ್‌ಟೈಟಲ್ ಪಠ್ಯ ಅಲ್ಲ, ಅಕ್ಷರದ ಫೋಟೋ ಇದ್ದ ಹಾಗೆ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಓಸಿಆರ್ (ಫೋಟೋದಿಂದ ಅಕ್ಷರ ಓದಿಸುವುದು) ಮಾಡಿದರೆ ಸಮಯ, ಮಾತು ಎರಡೂ ಇರುವ ಎಸ್‌ಆರ್‌ಟಿ ಕಡತ ಸಿಗ್ತದೆ. ಅಕ್ಷರ ಅಲ್ಲಲ್ಲಿ ತಪ್ಪಬಹುದು, ಸಮಯ ತಪ್ಪುವುದಿಲ್ಲ. ನಿಮಗೆ ಬೇಕಾದ್ದು ಸಮಯವೇ ತಾನೇ. ಸುಮಾರು 100 ನಿಮಿಷದ ಮಾತು ಜಾಸ್ತಿ ಇರುವ ಚಿತ್ರಕ್ಕೆ 1,000ದಿಂದ 1,400 ತುಂಡು (ಒಂದು ಸಲಕ್ಕೆ ಪರದೆ ಮೇಲೆ ಬರುವ ಮಾತು) ಬರ್ತದೆ. ದಿನಕ್ಕೆ 100 ಅಂತ ಹಿಡಿದರೂ ಎರಡು ವಾರ. ಮೂರು ಜನ ಪಾಲು ಮಾಡಿಕೊಳ್ಳಬಹುದು, ಆದರೆ ಕೊನೆಗೆ ಒಬ್ಬರೇ ಮೊದಲಿನಿಂದ ಕಡೆಯವರೆಗೆ ತಿದ್ದಬೇಕು. ಇಲ್ಲವಾದರೆ ಡೇವ್ ಮೊದಲ ಅರ್ಧದಲ್ಲಿ ‘ನೀನು’ ಅಂದವ ಆಮೇಲೆ ‘ನೀವು’ ಅನ್ನಲಿಕ್ಕೆ ಶುರು ಮಾಡ್ತಾನೆ.

ನುಡಿ, ಬರಹ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಟೈಪ್ ಮಾಡಿದರೆ ಪರದೆ ಮೇಲೆ ಇಂಗ್ಲಿಷ್ ಅಕ್ಷರದ ಕಸ ಬರ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಯುಟಿಎಫ್-8 ಆಗಿ ಉಳಿಸಿ. ಸಮಯದ ಸಾಲಿನಲ್ಲಿ ಸೆಕೆಂಡಿಗೂ ಮಿಲಿಸೆಕೆಂಡಿಗೂ ನಡುವೆ ಅಲ್ಪವಿರಾಮ ಇರಬೇಕು, ಚುಕ್ಕೆ ಅಲ್ಲ. ನೋಟ್‌ಪ್ಯಾಡಿನಲ್ಲಿ ಕೈಯಿಂದ ತಿದ್ದುವವರು ಇಲ್ಲೇ ಎಡವುವುದು, ಆ ತುಂಡು ಕಾಣಿಸುವುದೇ ಇಲ್ಲ.

ಅಳತೆ: ಒಂದು ಸಾಲಿಗೆ 20ರಿಂದ 22 ಅಕ್ಷರ, ಎರಡೇ ಸಾಲು. ನಿಮ್ಮಲ್ಲಿ ವಯಸ್ಸಾದವರು ಇರುವುದರಿಂದ ಸೆಕೆಂಡಿಗೆ 7–8 ಅಕ್ಷರಕ್ಕಿಂತ ವೇಗ ಬೇಡ. ಎರಡು ಸಾಲು ತುಂಬಿದ್ದರೆ ಐದಾರು ಸೆಕೆಂಡ್ ಪರದೆ ಮೇಲೆ ನಿಲ್ಲಬೇಕು. ಎಷ್ಟು ಚಿಕ್ಕ ಮಾತಾದರೂ ಒಂದು ಸೆಕೆಂಡಿಗಿಂತ ಕಡಿಮೆ ಬೇಡ. ಒಂದು ತುಂಡು ಹೋಗಿ ಇನ್ನೊಂದು ಬರುವ ನಡುವೆ ಎರಡು ಫ್ರೇಮ್ ಖಾಲಿ ಬಿಡಿ, ಬದಲಾದದ್ದು ಕಣ್ಣಿಗೆ ಗೊತ್ತಾಗಬೇಕಲ್ಲ. ತಂತ್ರಾಂಶದ ಎಣಿಕೆ ನಂಬಬೇಡಿ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದಕ್ಷರ, ಅದರ ಲೆಕ್ಕದಲ್ಲಿ 6. ಸಾಲು ಉದ್ದ ಆಯ್ತೆಂದು ಸುಮ್ಮನೆ ಕೆಂಪು ತೋರಿಸ್ತದೆ. ಅದನ್ನು ನೋಡಿ ಹೆದರಿ ಮಾತು ಕತ್ತರಿಸಿದರೆ ಹಾಸ್ಯ ಪೂರ್ತಿ ಸೊರಗಿಹೋಗ್ತದೆ.

ಈಗ ಈ ಚಿತ್ರದ್ದೇ ತೊಂದರೆ. ಡೇವ್ ಐರಿಷ್ ಧಾಟಿಯಲ್ಲಿ ಉಸಿರು ಬಿಡದೆ ಮಾತಾಡ್ತಾನೆ. ಅವನ ಎಲ್ಲ ಮಾತೂ ಹಾಕಲಿಕ್ಕೆ ಹೋದರೆ ನೋಡುವವರು ಮುಖ ನೋಡುವುದಿಲ್ಲ, ಬರೀ ಓದ್ತಾ ಕೂತ್ಕೊಳ್ತಾರೆ. ಅವನ ಗೊಣಗಾಟದಲ್ಲಿ ಮೂರನೇ ಒಂದು ಭಾಗ ಧೈರ್ಯವಾಗಿ ತೆಗೀರಿ. ತೆಗೀಬಾರದ ಒಂದು ಜಾಗ ಉಂಟು: ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಧಾಟಿ) ಹಾಡೂ ಕಳ್ಕೊಂಡವರದ್ದು, ಸೋಲ್ (ಅಮೆರಿಕದ ಕರಿಯರ ಧಾಟಿ) ಹಾಡೂ ಕಳ್ಕೊಂಡವರದ್ದು, ಆದರೆ ಸೋಲ್‌ನವರು ಕೈಬಿಟ್ಟವರಲ್ಲ, ಹೋದದ್ದನ್ನು ವಾಪಸ್ ಪಡೀಲಿಕ್ಕೆ ಹೋರಾಡುವವರು ಅಂತ ಅವನು ಹುಡುಗಿಯರಿಗೆ ಹೇಳುವ ಮಾತು. ಚಿತ್ರ ನಿಂತಿರುವುದೇ ಅದರ ಮೇಲೆ. ಅದನ್ನು ನಾಲ್ಕೈದು ಸಣ್ಣ ತುಂಡು ಮಾಡಿ, ಪೂರ್ತಿ ಹಾಕಿ.

ನಗೆಯ ಮಾತಿಗೆ ಒಂದೇ ಸೂತ್ರ, ನಟನ ಬಾಯಿಗಿಂತ ಮೊದಲು ಪರದೆ ನಗಿಸಬಾರದು. ಇಂಗ್ಲಿಷ್‌ನಲ್ಲಿ ಕೊನೆಗೆ ಬರುವ ಏಟು ಕನ್ನಡದ ವಾಕ್ಯರಚನೆಯಲ್ಲಿ ಮೊದಲಿಗೇ ಬಂದು ಕೂರ್ತದೆ. ನಟ ಎಲ್ಲಿ ತಡೆದು ನಿಲ್ತಾನೋ ಅಲ್ಲಿಗೆ ಸರಿಯಾಗಿ ತುಂಡು ಮಾಡಿ, ಏಟನ್ನು ಎರಡನೇ ತುಂಡಿಗೆ ಇಡಿ. ಉದ್ದ ವಾಕ್ಯ ಎರಡು ತುಂಡಿಗೆ ಹರಡಿದ್ದರೆ ಅದನ್ನು ಎರಡು ಸಣ್ಣ ವಾಕ್ಯವಾಗಿಯೇ ಬರೀರಿ. ಅಕ್ಕತಂಗಿಯರಿಗೆ ಮನೆಮಾತಿನ ಕನ್ನಡ, ಮಿಲಿಟರಿ ಅಧಿಕಾರಿಗಳಿಗೆ ಬಿಗಿ ಕನ್ನಡ. ಬಿಳಿಯರು ಬೈಯುವ ಮಾತನ್ನು ಮೆತ್ತಗೆ ಮಾಡಬೇಡಿ, ಅದು ಚುಚ್ಚಲೇಬೇಕು.

ಹಾಡಿಗೆ: ಹಾಕಲೇಬೇಡಿ ಎನ್ನುವುದು ನನ್ನ ಅಭಿಪ್ರಾಯ. ಒಂದೇ ಸಾಲು ಹತ್ತು ಸಲ ಬರ್ತದೆ, ಅಷ್ಟು ಸಲ ಓದಿಸುವುದು ಯಾಕೆ? ಕಿವಿಗೆ ಬಿಡಿ.

ಕೊನೆಗೆ ಒಡೆಯುವ ಒತ್ತಕ್ಷರ. ಟಿವಿಗೆ ಪೆನ್‌ಡ್ರೈವ್ ಚುಚ್ಚಿ ಹಾಕಿದರೆ ಬಹಳಷ್ಟು ಟಿವಿಗಳು ಕನ್ನಡವನ್ನು ಚೌಕ ಚೌಕ ತೋರಿಸ್ತವೆ, ಇಲ್ಲವಾದರೆ ಒತ್ತನ್ನು ಪಕ್ಕಕ್ಕೆ ಎಸೀತವೆ. ಹಳೆ ಪ್ಲೇಯರ್ ಆವೃತ್ತಿಗಳದ್ದೂ ಅದೇ ಕಥೆ. ಲ್ಯಾಪ್‌ಟಾಪಿನಲ್ಲಿ ಎಂಪಿವಿ ಅಥವಾ ವಿಎಲ್‌ಸಿಯ ಹೊಸ ಆವೃತ್ತಿ, ಫಾಂಟ್ ನೋಟೋ ಸ್ಯಾನ್ಸ್ ಕನ್ನಡ. ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕೊಡಿ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ವಸ್ತ್ರ’ ಇರುವ ಒಂದು ತುಂಡನ್ನು ಬೇಕೆಂದೇ ಸುರುವಿನಲ್ಲಿ ಹಾಕಿ ಪರೀಕ್ಷೆ ಮಾಡಿ, ಆಮೇಲೆ ತೆಗೀರಿ.

ಶ್ರುತಿಪೆಟ್ಟಿಗೆ

ಒತ್ತಕ್ಷರದವರು ಹಾಡಿನ ವಿಷಯದಲ್ಲಿ ಅರ್ಧ ಮಾತ್ರ ಸರಿ. ಸೋಲ್ ಹಾಡುಗಳಿಗೆ ಬೇಡ, ಒಪ್ಪಿದೆ. ಆದರೆ ‘ಙರ್ರ ಬುರ್ರ ಫೆರ್ರ’ಕ್ಕೆ ಹಾಕಲೇಬೇಕು. ಅದು ಕಮರಗುಂಜ ಕಡೆಯ ಮೂಲನಿವಾಸಿಗಳ ಯೋರ್ಟಾ ಯೋರ್ಟಾ ಭಾಷೆಯ ಹಾಡು, ಇಂಗ್ಲಿಷ್ ಬಲ್ಲವರಿಗೂ ಅರ್ಥ ಆಗ್ಲಿಕ್ಕಿಲ್ಲ. ಈಜಿಪ್ಟಿನ ರಾಜ ಫರೋಹನ ಸೈನ್ಯ ಕೆಂಪು ಸಮುದ್ರದಲ್ಲಿ ಮುಳುಗುವ ಬೈಬಲ್ ಪ್ರಸಂಗ. ಮೂಲದಲ್ಲಿ ಅಮೆರಿಕದ ಕರಿಯ ಗುಲಾಮರ ಭಕ್ತಿಗೀತೆ. 1880ರ ದಶಕದಲ್ಲಿ ಅಮೆರಿಕದ ಕರಿಯರ ತಂಡವಾದ ಫಿಸ್ಕ್ ಜುಬಿಲಿ ಗಾಯಕರು ಆಸ್ಟ್ರೇಲಿಯಾಕ್ಕೆ ಬಂದಾಗ ಅದು ಅಲ್ಲಿಗೆ ತಲುಪಿತು. ಯೋರ್ಟಾ ಯೋರ್ಟಾಕ್ಕೆ ತಂದವರು ಎಂದು ಹೆಸರು ಬರುವುದು ಥಾಮಸ್ ಶಾಡ್ರಾಕ್ ಜೇಮ್ಸ್ ಅವರದು. ಮಾರಿಷಸ್‌ನಲ್ಲಿ ಹುಟ್ಟಿದ ಭಾರತೀಯ ಮೂಲದ ಶಾಲಾಮಾಷ್ಟ್ರು, ಕಮರಗುಂಜದಲ್ಲೇ ಕಲಿಸಿದವರು. ಕರಪತ್ರ ಓದುವ ನಿಮ್ಮ ನಿವೃತ್ತ ಮಾಷ್ಟ್ರುಗಳಿಗೆ ಇದು ಖಂಡಿತ ರುಚಿಸ್ತದೆ.

ಕಂಟ್ರಿ ಯಾವುದು, ಸೋಲ್ ಯಾವುದು ಎಂದು ಕಿವಿಗೆ ಗೊತ್ತಾಗದವರಿಗೆ ಡೇವ್‌ನ ಆ ಮಾತು ತಲೆಗೆ ಹತ್ತುವುದಿಲ್ಲ. ಚಿತ್ರ ಶುರು ಮಾಡುವ ಮೊದಲು ಎರಡನ್ನೂ ಅರ್ಧರ್ಧ ನಿಮಿಷ ಕೇಳಿಸಿ. ಕಂಟ್ರಿಯಲ್ಲಿ ಗಿಟಾರ್, ಜಾರುವ ಸ್ಟೀಲ್ ತಂತಿ, ಒಬ್ಬನ ಅಳು. ಸೋಲ್‌ನಲ್ಲಿ ಬೇಸ್ ಗಿಟಾರ್, ಡ್ರಮ್, ಕಹಳೆಗಳ ಗುಂಪು, ನಾಲ್ಕರ ಎಣಿಕೆಯಲ್ಲಿ ಎರಡಕ್ಕೂ ನಾಲ್ಕಕ್ಕೂ ಪೆಟ್ಟು, ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಎತ್ತಿಕೊಳ್ಳುವ ಹಾಗೆ ಹಿಮ್ಮೇಳದವರ ಉತ್ತರ. ಚಪ್ಪಾಳೆಯನ್ನು ಎರಡಕ್ಕೂ ನಾಲ್ಕಕ್ಕೂ ಹಾಕಿಸಿ ನೋಡಿ. ನಮ್ಮವರ ಕೈ ತನ್ನಿಂತಾನೆ ಒಂದಕ್ಕೆ ಬೀಳ್ತದೆ, ವ್ಯತ್ಯಾಸ ಅಲ್ಲೇ ಗೊತ್ತಾಗ್ತದೆ. ಹಾಡುಗಳೆಲ್ಲ 1968ರವು ಅಂತ ಮಾತ್ರ ಹೇಳಬೇಡಿ. ಚಿತ್ರದಲ್ಲಿರುವ ‘ಐ’ಲ್ ಟೇಕ್ ಯು ದೇರ್’ ಬಂದದ್ದೇ 1972ರಲ್ಲಿ.

ಮೈಕ್ ಸೆಟ್ಟು: ಹಾರ್ನ್ (ಕೊಳವೆಬಾಯಿಯ ಸ್ಪೀಕರ್) ಬೇಡವೇ ಬೇಡ. ಹಾರ್ನ್‌ನಲ್ಲಿ ಕೆಳಗಿನ ಸ್ವರ ಬರುವುದಿಲ್ಲ, ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಸ್‌ನಷ್ಟು ಕೆಳಗೆ ಇಳೀತದೆ. ಹಾರ್ನ್‌ನಲ್ಲಿ ಕೇಳಿದರೆ ಸೋಲ್ ಹಾಡು ಚುನಾವಣೆ ಪ್ರಚಾರ ಆಗ್ತದೆ. 12 ಅಥವಾ 15 ಇಂಚಿನ ಎರಡು ಸ್ಪೀಕರ್ ಬಾಕ್ಸ್ ಸಾಕು, ಪರದೆಯ ಎರಡೂ ಬದಿಗೆ, ಸ್ಟ್ಯಾಂಡ್ ಮೇಲೆ, ಗೋಡೆಯ ಮೂಲೆಯಿಂದ ಎರಡು ಮೂರು ಅಡಿ ಈಚೆಗೆ. ಮೂಲೆಗೆ ತಳ್ಳಿದರೆ ಗುಂಯ್ ಅಂತ ಬೇಸ್ ಉಬ್ತದೆ.

ಮಿಕ್ಸರ್‌ನಲ್ಲಿ ಎಕೋ ಪೂರ್ತಿ ಸೊನ್ನೆ ಮಾಡಿಸಿ. ಇದನ್ನು ಮೈಕ್ ಸೆಟ್ಟಿನವರ ಪಕ್ಕ ನಿಂತು ಮಾಡಿಸಬೇಕು. ಭಾಷಣ, ಭಜನೆ, ಯಕ್ಷಗಾನಕ್ಕೆ ಇಟ್ಟ ಎಕೋ ಹಾಗೇ ಇರ್ತದೆ. ಹಿಂದೆ ಕೂತವರಿಗೆ ಕೇಳಲಿಕ್ಕಿಲ್ಲ ಅಂತ ಅವರು ಹಿಂಬದಿಗೂ ಎರಡು ಬಾಕ್ಸ್ ಇಡಲಿಕ್ಕೆ ಹೊರಡ್ತಾರೆ, ಬಿಡಬೇಡಿ. 40 ಅಡಿ ದಾಟಲಿಕ್ಕೆ ಶಬ್ದಕ್ಕೆ ಸುಮಾರು 35 ಮಿಲಿಸೆಕೆಂಡ್ ಬೇಕು. ಹಿಂದಿನವರಿಗೆ ಪ್ರತಿ ಮಾತೂ ಎರಡು ಸಲ ಕೇಳಿಸಿ ಅಕ್ಷರ ಕಲೆಸಿಹೋಗ್ತದೆ.

ನಿಮ್ಮ ಹಾಲ್ ಸಿಮೆಂಟ್ ನೆಲ, ಶೀಟಿನ ಮಾಡು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಬಾಲ ಎಳೆದರೆ ಹಿಂದಿನ ಗೋಡೆಗೆ ಜಮಖಾನ ಇಲ್ಲವೇ ದಪ್ಪ ಹತ್ತಿಯ ಹೊದಿಕೆ ಇಳಿಬಿಡಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಟ್ಟರೆ ಹೆಚ್ಚು ಹೀರ್ತದೆ. ಜನ ತುಂಬಿದ ಮೇಲೆ ಇನ್ನೂ ಕಡಿಮೆ ಆಗ್ತದೆ, ಹಾಗಾಗಿ ಖಾಲಿ ಹಾಲ್‌ನಲ್ಲಿ ಕೇಳಿದ್ದೇ ಅಂತಿಮ ಅಂತ ತಿಳ್ಕೊಳ್ಬೇಡಿ.

ಎಲ್ಲರೂ ಎಡವುವ ಜಾಗ ಇದು: ಡಿಸ್ಕ್‌ನ ಧ್ವನಿ 5.1, ಅಂದರೆ ಆರು ಚಾನೆಲ್. ಅದರಲ್ಲಿ ಮಾತು ಇರುವುದು ನಡುವಿನ ಚಾನೆಲ್‌ನಲ್ಲಿ. ನಿಮ್ಮ ಹತ್ತಿರ ಇರುವುದು ಎಡ, ಬಲ ಎರಡೇ. ಪ್ಲೇಯರ್ ಬರೀ ಎಡ ಬಲ ಮಾತ್ರ ಹೊರಗೆ ಕಳಿಸಿದರೆ ಹಾಡು ಗಟ್ಟಿ, ಮಾತು ಪಾತಾಳ. ಪ್ಲೇಯರ್‌ನ ಆಡಿಯೋ ಮೆನುವಿನಲ್ಲಿ ಸ್ಟೀರಿಯೋ ಆಯ್ಕೆ ಮಾಡಿ, ಡಿಸ್ಕ್‌ನಲ್ಲಿ ಬೇರೆ ಸ್ಟೀರಿಯೋ ಟ್ರ್ಯಾಕ್ ಇದ್ದರೆ ಇನ್ನೂ ಒಳ್ಳೆಯದು. ಹಾಲ್ ನಡುವೆ ಫೋನಿನ ಡೆಸಿಬಲ್ ಆಪ್ ಹಿಡಿದು ಮಾತು 70ರ ಆಸುಪಾಸು, ಹಾಡು 80–85 ಬರುವ ಹಾಗೆ ಇಡಿ. ಆಪ್ ಅಂದಾಜು ತೋರಿಸುವುದು ಮಾತ್ರ, ಆದರೂ ಸಾಕು. ಕಂಪ್ರೆಸರ್ ಹಾಕಿ ಎರಡನ್ನೂ ಒಂದೇ ಮಟ್ಟ ಮಾಡಬೇಡಿ, ಮಾತಿನಿಂದ ಹಾಡಿಗೆ ಹಾರುವ ಆ ಎತ್ತರವೇ ಸಂಗೀತ ಚಿತ್ರದ ಮಜಾ.

ಬ್ಲೂಟೂತ್ ಬೇಡ. ಧ್ವನಿ 150–250 ಮಿಲಿಸೆಕೆಂಡ್ ಹಿಂದೆ ಬೀಳ್ತದೆ. ಮಾತಿನಲ್ಲಿ ಹೇಗೋ ಸಹಿಸಬಹುದು, ಹಾಡುವ ಬಾಯಿ ಹತ್ತಿರದಿಂದ ತೋರಿಸುವಾಗ ಅಸಹ್ಯ ಕಾಣ್ತದೆ. ತಂತಿಯಲ್ಲೇ ಕೊಟ್ಟರೂ ಪ್ರೊಜೆಕ್ಟರ್ ಚಿತ್ರವನ್ನು ತುಸು ತಡ ಮಾಡಬಹುದು. ವಿಎಲ್‌ಸಿಯಲ್ಲಿ ಜೆ, ಕೆ ಕೀಲಿ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್‌ನಂತೆ ಆಚೀಚೆ ಸರೀತದೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ ಬಾಕ್ಸ್‌ನಲ್ಲಿ ಗುಂಯ್ ಬಂದರೆ ಚಾರ್ಜರನ್ನೂ ಆಂಪ್ಲಿಫಯರನ್ನೂ ಒಂದೇ ಬೋರ್ಡಿನಿಂದ ತೆಗೀರಿ. ಆಗಲೂ ಹೋಗದಿದ್ದರೆ ಬ್ಯಾಟರಿಯಲ್ಲಿ ಓಡಿಸಿ.

ಇನ್ನೊಂದು, ಆಸ್ಟ್ರೇಲಿಯಾದ ಡಿವಿಡಿ ಪಾಲ್ ಎಂಬ ಟಿವಿ ಪದ್ಧತಿಯದ್ದು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ಕ್ಕೆ ಓಡಿಸಿದರೆ ವೇಗ 4 ಶೇಕಡಾ ಹೆಚ್ಚು. ಶ್ರುತಿ ಸರಿಮಾಡದೆ ಬಿಟ್ಟಿದ್ದರೆ ಹಾರ್ಮೋನಿಯಂನಲ್ಲಿ ಮುಕ್ಕಾಲು ಮನೆಯಷ್ಟು ಏರ್ತದೆ, ಜೆಸಿಕಾ ಮೌಬಾಯ್ ದನಿ ತೆಳ್ಳಗೆ ಕೇಳ್ತದೆ. ಬ್ಲೂ-ರೇ ಸಿಕ್ಕಿದರೆ ಅದೇ ಹಿಡೀರಿ.

ಒತ್ತಕ್ಷರ

ಪಾಲ್ ವಿಷಯ ಹೇಳಿದ್ದು ಒಳ್ಳೆಯದಾಯ್ತು, ಸಬ್‌ಟೈಟಲ್‌ಗೂ ಅದೇ ಪೆಟ್ಟು. 23.976 ಫ್ರೇಮಿಗೆ ಮಾಡಿದ ಕಡತವನ್ನು 25ರ ಡಿಸ್ಕ್‌ಗೆ ಹಾಕಿದರೆ ಸುರುವಿಗೆ ಸರಿ ಇರ್ತದೆ, ಹೋಗ್ತಾ ಹೋಗ್ತಾ ಹಿಂದೆ ಬೀಳ್ತದೆ, ಚಿತ್ರ ಮುಗಿಯುವ ಹೊತ್ತಿಗೆ ನಾಲ್ಕು ನಿಮಿಷ ವ್ಯತ್ಯಾಸ. ಪ್ಲೇಯರ್‌ನಲ್ಲಿ ಜಿ, ಎಚ್ ಕೀಲಿ ಒತ್ತಿ ಸಬ್‌ಟೈಟಲ್ ಸರಿಸುವುದು ಇದಕ್ಕೆ ಮದ್ದಲ್ಲ, ಹತ್ತು ನಿಮಿಷಕ್ಕೆ ಪುನಃ ತಪ್ತದೆ. ಸಬ್‌ಟೈಟಲ್ ಎಡಿಟ್‌ನ ಸಿಂಕ್ರೊನೈಸೇಶನ್ ಮೆನುವಿನಲ್ಲಿ ಫ್ರೇಮ್ ರೇಟ್ ಬದಲಾಯಿಸುವುದು ಉಂಟು, ಒಂದೇ ಸಲಕ್ಕೆ ಮುಗೀತದೆ. ಮೊದಲ ಮಾತು, ಕೊನೆಯ ಮಾತು ಎರಡೂ ಹೊಂದಿದರೆ ನಡುವಿನದ್ದು ಹೊಂದಿದ ಹಾಗೆಯೇ.

ಯೋರ್ಟಾ ಯೋರ್ಟಾ ಹಾಡಿಗೆ ಹಾಕುವುದು ಒಪ್ಪಿದೆ. ಓರೆ ಅಕ್ಷರ ಬೇಡ, ಕನ್ನಡಕ್ಕೆ ಓರೆ ಮಾಡಿದರೆ ಒತ್ತು ಓದಲಿಕ್ಕಾಗುವುದಿಲ್ಲ. ತಿಳಿ ಹಳದಿ ಬಣ್ಣ ಕೊಡಿ, ಮಾತಲ್ಲ ಹಾಡು ಅಂತ ಗೊತ್ತಾಗ್ತದೆ.

ಪಯಸ್ವಿನಿ_ತೀರ

ತುಂಬ ಉಪಕಾರ. ಎರಡು ಸಂಶಯ ಉಳಿದಿದೆ. ಮಕ್ಕಳಲ್ಲಿ ಅರ್ಧ ಜನ ಮಲಯಾಳ ಮಾಧ್ಯಮ, ಕನ್ನಡ ಮಾತಾಡ್ತಾರೆ, ಓದುವುದು ನಿಧಾನ. ಮಲಯಾಳವನ್ನೂ ಒಟ್ಟಿಗೆ ಹಾಕಬಹುದಾ? ಮತ್ತೆ ಪರದೆ ಎಷ್ಟು ದೊಡ್ಡದು ಕಟ್ಟಬೇಕು? ಪ್ರೊಜೆಕ್ಟರ್ 3,000 ಲ್ಯೂಮೆನ್ಸ್‌ದು ಸಿಗ್ತದೆ.

ಅಡ್ಕದ ಮನೆ

ಎರಡು ಲಿಪಿ ಒಟ್ಟಿಗೆ ಬೇಡ ಮಾರಾಯ್ರೆ. ನಾಲ್ಕು ಸಾಲು ಆಗ್ತದೆ, ಚಿತ್ರದ ಮೂರನೇ ಒಂದು ಭಾಗ ಮುಚ್ಚಿಹೋಗ್ತದೆ, ಕಣ್ಣು ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಎರಡನ್ನೂ ಬಿಡ್ತದೆ. ಪರದೆ ಮೇಲೆ ಕನ್ನಡ, ಕೈಗೆ ಒಂದು ಹಾಳೆಯ ಮಲಯಾಳ ಕಥಾಸಾರ. ಮಕ್ಕಳು ಉಚ್ಚಾರ ಪೂರ್ತಿ ಸಿಗದಿದ್ದರೂ ಕಿವಿಯಲ್ಲಿ ಸ್ವಲ್ಪ ಇಂಗ್ಲಿಷ್ ಹಿಡೀತಾರೆ, ಹಿರಿಯರಿಗೆ ಹಾಗಲ್ಲ. ಮಕ್ಕಳೇ ತುಂಬಿದರೆ ಮಲಯಾಳದ್ದು ಬೇರೆ ದಿನ ಇನ್ನೊಂದು ಪ್ರದರ್ಶನ ಇಡಿ.

ಪರದೆ 10 ಅಡಿ ಅಗಲ ಸಾಕು, ಎತ್ತರ ಐದೂವರೆ ಅಡಿ ಚಿಲ್ಲರೆ ಬರ್ತದೆ. ಅಗಲಕ್ಕಿಂತ ಮುಖ್ಯ ಅದನ್ನು ಎಷ್ಟು ಮೇಲೆ ಕಟ್ಟುವುದು ಎಂಬುದು. ನಿಮ್ಮದು ಸಪಾಟು ನೆಲ. ಸಬ್‌ಟೈಟಲ್ ಬರುವುದು ಅಡಿಯಲ್ಲಿ, ಅಲ್ಲಿ ಮುಂದಿನ ಸಾಲಿನವರ ತಲೆ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲೆ ಇರಲಿ. ಮಾಡು ತಗ್ಗಾಗಿ ಅಷ್ಟು ಎತ್ತರ ಸಿಗದಿದ್ದರೆ ಅಕ್ಷರವನ್ನೇ ಚಿತ್ರದ ಮೇಲಂಚಿಗೆ ಹಾಕಿ, ಮುಜುಗರ ಏನಿಲ್ಲ. ಕುರ್ಚಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲು ಅರ್ಧ ಕುರ್ಚಿ ಸರಿಸಿ ಇಡಿ. ಹಿಂದಿನ ಸಾಲು 38 ಅಡಿ ದೂರ ಅಂತಾದರೆ ಅಕ್ಷರದ ಎತ್ತರ ಒತ್ತು ಬಿಟ್ಟು 3 ಇಂಚಿಗೆ ಕಡಿಮೆ ಆಗಬಾರದು. ಟೇಪ್ ಹಿಡಿದು ಪರದೆ ಮೇಲೆಯೇ ಅಳೀರಿ.

ಸಾಮಾನ್ಯ ಪ್ರೊಜೆಕ್ಟರಿನ ಥ್ರೋ 1.5ರ ಹತ್ತಿರ, ಅಂದರೆ 10 ಅಡಿ ಅಗಲಕ್ಕೆ 15 ಅಡಿ ದೂರ. ಅದು ಕುರ್ಚಿಗಳ ನಡುವೆಯೇ ಬರ್ತದೆ. ನಡುವೆ ದಾರಿ ಬಿಟ್ಟು ಎತ್ತರದ ಸ್ಟ್ಯಾಂಡ್ ಮೇಲೆ ಇಡಿ, ಪಕ್ಕದ ಎರಡು ಕುರ್ಚಿ ತೆಗೀರಿ. ಫ್ಯಾನಿನ ಸದ್ದಿಗೆ ಅಲ್ಲಿ ಕೂತವರಿಗೆ ಮಾತು ಕೇಳುವುದಿಲ್ಲ. ವಾಲಿದ ಚಿತ್ರವನ್ನು ಕೀಸ್ಟೋನ್ ಬಟನ್‌ನಿಂದ ಸರಿ ಮಾಡಿದರೆ ಅಕ್ಷರದ ಅಂಚು ಮಸುಕಾಗ್ತದೆ, ಯಂತ್ರವನ್ನೇ ನೇರ ಮಾಡಿ. 3,000 ಲ್ಯೂಮೆನ್ಸ್ ಕತ್ತಲೆಯಲ್ಲಿ ಧಾರಾಳ. ಹಗಲು ಬೇಡ. ಡಿಸೆಂಬರಿನಲ್ಲಿ ಆರೂವರೆಗೆ ಚೆನ್ನಾಗಿ ಕತ್ತಲೆ ಆಗ್ತದೆ, ಶೀಟಿನ ಸಂದಿಗಳಿಂದ ಬೆಳಕು ನುಸುಳುವ ತೊಂದರೆಯೂ ಇಲ್ಲ. ಡಿಸೆಂಬರ್ ಇಟ್ಟದ್ದು ಬುದ್ಧಿವಂತಿಕೆ, ಮಳೆಗಾಲದಲ್ಲಿ ಆ ಮಾಡಿನಡಿ ಯಾವ ಬಾಕ್ಸ್ ಇಟ್ಟರೂ ಪ್ರಯೋಜನ ಇಲ್ಲ.

ಕರೆಂಟು: ದೀಪದ ಪ್ರೊಜೆಕ್ಟರ್ ಉರಿಯುತ್ತಿರುವಾಗ ಕರೆಂಟು ಹೋದರೆ ಒಳಗಿನ ಫ್ಯಾನೂ ನಿಲ್ತದೆ, ಬಿಸಿಗೆ ದೀಪ ಹಾಳು. ಪ್ರೊಜೆಕ್ಟರಿಗಾದರೂ ಯುಪಿಎಸ್ ಕೊಡಿ. ಪೂರ್ತಿ ಇನ್ವರ್ಟರಿಗೆ ಹಾಕುವುದಾದರೆ ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಬಾಕ್ಸ್ ಸೇರಿ 600 ವ್ಯಾಟ್ ಲೆಕ್ಕ ಹಿಡೀರಿ. 12 ವೋಲ್ಟಿನ 150 ಎಎಚ್ ಬ್ಯಾಟರಿ ಹೊಸದಿದ್ದರೆ ಒಂದೂವರೆ ಗಂಟೆ ಎಳೀಬಹುದು, ಹಳೇದಾದರೆ ಅರ್ಧ ಗಂಟೆಗೇ ಕೈಕೊಡ್ತದೆ. ಸೈನ್ ವೇವ್ ಇನ್ವರ್ಟರೇ ಆಗಬೇಕು, ಬೇರೆಯದ್ದರಲ್ಲಿ ಬಾಕ್ಸ್ ಗುಂಯ್‌ಗುಟ್ತದೆ.

ಅನುಮತಿ: ಹಣ ಕೊಟ್ಟು ತಂದ ಡಿಸ್ಕ್ ಮನೆಯಲ್ಲಿ ನೋಡಲಿಕ್ಕೆ ಮಾತ್ರ, ಓಟಿಟಿ ಖಾತೆಯೂ ಅಷ್ಟೇ. ಟಿಕೆಟ್ ಇಲ್ಲ ಎಂದ ಮಾತ್ರಕ್ಕೆ ಸಾರ್ವಜನಿಕ ಪ್ರದರ್ಶನ ಉಚಿತ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಹವ್ಯಾಸಿ ಸಂಘದವರು ಉಚಿತವಾಗಿ ನಾಟಕ, ಸಂಗೀತ ಪ್ರದರ್ಶಿಸಲಿಕ್ಕೆ ವಿನಾಯಿತಿ ಉಂಟು, ಅದು ಸಿನೆಮಾಕ್ಕೆ ಅನ್ವಯಿಸುವುದಿಲ್ಲ. ಸಿನೆಮಾಕ್ಕೆ ಇರುವ ವಿನಾಯಿತಿ ಶಿಕ್ಷಣ ಸಂಸ್ಥೆಯ ಚಟುವಟಿಕೆಗೆ. ಪ್ರೇಕ್ಷಕರು ಅಲ್ಲಿನ ವಿದ್ಯಾರ್ಥಿಗಳು, ಸಿಬ್ಬಂದಿ, ಹೆತ್ತವರು, ಸಂಸ್ಥೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಗ್ರಂಥಾಲಯದ ಸಾರ್ವಜನಿಕ ಕಾರ್ಯಕ್ರಮ ಅದರೊಳಗೆ ಬರುವುದಿಲ್ಲ. ಹಾಗಾಗಿ ಹಕ್ಕುದಾರರಿಗೆ ಇಮೇಲ್ ಮಾಡಿ, ದಿನಾಂಕ, ಸ್ಥಳ, ಕುರ್ಚಿಗಳ ಸಂಖ್ಯೆ, ಟಿಕೆಟ್ ಇಲ್ಲ ಎಂಬುದು, ಕನ್ನಡ ಸಬ್‌ಟೈಟಲ್ ಮಾಡುವ ವಿಷಯ ಎಲ್ಲ ಒಂದೇ ಪತ್ರದಲ್ಲಿ ಬರೀರಿ. ಸಬ್‌ಟೈಟಲ್‌ಗೂ ಒಪ್ಪಿಗೆ ಬೇಕು, ಅದು ಮರೀಬಾರದು. ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾಗಬಹುದು, ಕರಪತ್ರ ಅಚ್ಚಿಗೆ ಕೊಡುವ ಮೊದಲೇ ಕಳಿಸಿ. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರದ ಪ್ರಶ್ನೆಯೂ ಬರ್ತದೆ. ಫೆಡರೇಶನ್ ಆಫ್ ಫಿಲ್ಮ್ ಸೊಸೈಟೀಸ್ ಆಫ್ ಇಂಡಿಯಾಕ್ಕೆ ಸೇರಿದ ಫಿಲ್ಮ್ ಸೊಸೈಟಿ ಹತ್ತಿರ ಇದ್ದರೆ ಅವರ ಜೊತೆ ಸೇರಿ ಮಾಡುವುದು ಸುಲಭ, ಈ ಕಾಗದಪತ್ರದ ಅಭ್ಯಾಸ ಅವರಿಗೆ ಉಂಟು.

ಡಿಸ್ಕ್ ತರಿಸುವುದಾದರೆ ವಲಯ (ರೀಜನ್ ಕೋಡ್) ನೋಡಿ. ಆಸ್ಟ್ರೇಲಿಯಾದ ಡಿವಿಡಿ ವಲಯ 4, ಅಮೆರಿಕದ್ದು 1, ನಮ್ಮದು 5. ಎಲ್ಲ ವಲಯ ಓದುವ ಪ್ಲೇಯರ್ ಇಲ್ಲದಿದ್ದರೆ ಪರದೆ ಮೇಲೆ ಬರುವುದು ಎಚ್ಚರಿಕೆಯ ಸಾಲು ಮಾತ್ರ.

ವಿಶ್ರಾಂತಿ ಕೊಡುವುದಾದರೆ ಗಡಿಯಾರ ನೋಡಿ ನಿಲ್ಲಿಸಬೇಡಿ. ಹಾಡು ಮುಗಿದು ದೃಶ್ಯ ಬದಲಾಗುವ ಜಾಗ ಮೊದಲೇ ಗುರುತು ಮಾಡಿ ಇಡಿ, ಚಹಾ ಆ ಹೊತ್ತಿಗೆ ತಯಾರಿರಲಿ.

ಕುಂಬಳೆ ಸೀಮೆ

ಪೋಸ್ಟರಿಗೆ ಇಂಟರ್‌ನೆಟ್‌ನಿಂದ ಸಿಕ್ಕಿದ ಚಿತ್ರ ತೆಗೀಬೇಡಿ. ಅಮೆರಿಕದಲ್ಲಿ 2013ರಲ್ಲಿ ಬಂದ ಡಿವಿಡಿ ಹೊದಿಕೆಯಲ್ಲಿ ಮ್ಯಾನೇಜರ್ ಪಾತ್ರದ ಬಿಳಿ ನಟನನ್ನು ಮುಂದೆ ದೊಡ್ಡದಾಗಿ ನಿಲ್ಲಿಸಿ, ನಾಲ್ಕು ನಟಿಯರನ್ನು ನೀಲಿ ಬಣ್ಣ ಬಳಿದು ಹಿಂದೆ ಸರಿಸಿದ್ದರು. ದೊಡ್ಡ ಗಲಾಟೆ ಆಯಿತು. ಆ ನಟನೇ ಅದನ್ನು ಖಂಡಿಸಿದ, ಹಂಚಿಕೆದಾರರು ಕ್ಷಮೆ ಕೇಳಿದರು. ಹುಡುಕಿದರೆ ಆ ಹೊದಿಕೆಯೂ ಎದುರಿಗೆ ಬರ್ತದೆ. ಅನುಮತಿ ಕೇಳುವ ಪತ್ರದಲ್ಲೇ ಪೋಸ್ಟರಿಗೆ ಒಂದು ಚಿತ್ರ ಕೊಡಿ ಅಂತಲೂ ಸೇರಿಸಿ, ನಾಲ್ಕೂ ಜನ ಮುಂದೆ ಇರುವಂಥದ್ದು. ಕೊನೆಯ ಹೆಸರುಪಟ್ಟಿ ಓಡುವಾಗ ದೀಪ ಹಾಕಬೇಡಿ, ನಿಜವಾದ ನಾಲ್ಕು ಹೆಂಗಸರ ಫೋಟೋ ಬರುವುದು ಅಲ್ಲೇ. ಅಲ್ಲಿಗೂ ಒಂದು ಕನ್ನಡ ಸಾಲು ಬೇಕಾಗ್ತದೆ, ಇಂಗ್ಲಿಷ್ ಕಡತದಲ್ಲಿ ಅದಕ್ಕೆ ತುಂಡು ಇಲ್ಲದಿದ್ದರೆ ನೀವೇ ಸೇರಿಸಿ.